ಅಕಿನ್‌ಫೆನ್ವಾ ಅವರ ವೃತ್ತಿಜೀವನವನ್ನು ಓದುವ ಬಗೆ: ಇಂಗ್ಲೆಂಡಿನ ಕೆಳಹಂತದ ಲೀಗುಗಳ ಕುರಿತು ಒಂದು ಟಿಪ್ಪಣಿ

ಇಂಗ್ಲೆಂಡಿನ ಫುಟ್‌ಬಾಲನ್ನು ಪ್ರೀಮಿಯರ್ ಲೀಗಿನ ಮೂಲಕವಷ್ಟೇ ಬಲ್ಲವರು ಅದರ ಕೆಳಗಿನ ಹಂತಗಳನ್ನು ಅರಿಯಬೇಕಾದರೆ, ನಿಯಮಾವಳಿ ಓದುವುದಕ್ಕಿಂತ ಒಬ್ಬ ಆಟಗಾರನನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸುವುದೇ ಸುಲಭ. ಅದಕ್ಕಾಗಿ ನಾನು ಆರಿಸಿಕೊಂಡದ್ದು ಅಡೆಬಾಯೊ ಅಕಿನ್‌ಫೆನ್ವಾ ಅವರನ್ನು. 1982ರ ಮೇ 10ರಂದು ಲಂಡನ್ನಿನ ಇಸ್ಲಿಂಗ್‌ಟನ್‌ನಲ್ಲಿ ನೈಜೀರಿಯಾ ಮೂಲದ ಕುಟುಂಬದಲ್ಲಿ ಹುಟ್ಟಿದ ಈ ಸ್ಟ್ರೈಕರ್ 2022ರ ಮೇ ತಿಂಗಳವರೆಗೆ ಆಡಿ, ಎಲ್ಲ ಸ್ಪರ್ಧೆಗಳಲ್ಲಿ ಸೇರಿ 200ಕ್ಕೂ ಹೆಚ್ಚು ಗೋಲು ಹೊಡೆದರು. ಆದರೆ ಪ್ರೀಮಿಯರ್ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಫಿಫಾ ವಿಡಿಯೊ ಗೇಮ್ ಆಡುವವರು ಅವರನ್ನು ಅತ್ಯಂತ ಬಲಶಾಲಿ ಆಟಗಾರನೆಂದು ಬಲ್ಲರು. ನೂರು ಕಿಲೋ ದಾಟಿದ ಆ ದೇಹದ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ, ಅದನ್ನು ಇಲ್ಲಿ ಬಿಡುತ್ತೇನೆ. ನನ್ನ ವಾದ ಇಷ್ಟೇ: ಕೆಳಹಂತದ ಸ್ಟ್ರೈಕರ್ ಒಬ್ಬನ ವೃತ್ತಿಜೀವನ ಗೋಲುಗಳ ಮೊತ್ತದಿಂದ ಅರ್ಥವಾಗುವುದಿಲ್ಲ. ಆ ಗೋಲು ಯಾವ ಹಂತದಲ್ಲಿ ಬಂತು, ಒಪ್ಪಂದದಲ್ಲಿ ಎಷ್ಟು ತಿಂಗಳು ಉಳಿದಿದ್ದವು, ತಂಡ ಋತುವನ್ನು ಎಷ್ಟನೇ ಸ್ಥಾನದಲ್ಲಿ ಮುಗಿಸಿತು ಎಂಬ ಮೂರನ್ನೂ ಜೊತೆಗಿಟ್ಟು ಓದಬೇಕು.

ಹಂತಗಳ ಲೆಕ್ಕ

ಇಂದಿನ ಏಣಿ ಹೀಗಿದೆ: ಪ್ರೀಮಿಯರ್ ಲೀಗ್ ಮೊದಲನೆಯದು, ಚಾಂಪಿಯನ್‌ಶಿಪ್ ಎರಡನೆಯದು, ಲೀಗ್ ಒನ್ ಮೂರನೆಯದು, ಲೀಗ್ ಟೂ ನಾಲ್ಕನೆಯದು. ಕೊನೆಯ ಮೂರನ್ನು ನಡೆಸುವುದು ಇಂಗ್ಲಿಷ್ ಫುಟ್‌ಬಾಲ್ ಲೀಗ್. ಈ ಮೂರರಲ್ಲಿ ಪ್ರತಿ ಹಂತದಲ್ಲೂ 24 ತಂಡಗಳಿದ್ದು, ಒಂದೊಂದು ತಂಡವೂ 46 ಪಂದ್ಯಗಳನ್ನು ಆಡುತ್ತದೆ. ಈ ಹೆಸರುಗಳು ಜಾರಿಗೆ ಬಂದದ್ದು 2004ರಲ್ಲಿ; ಅದಕ್ಕಿಂತ ಹಿಂದೆ, ಎಂದರೆ 1992ರಲ್ಲಿ ಪ್ರೀಮಿಯರ್ ಲೀಗ್ ಪ್ರತ್ಯೇಕವಾದಂದಿನಿಂದ, ಎರಡನೆಯ ಹಂತವನ್ನು ಫಸ್ಟ್ ಡಿವಿಷನ್ ಎಂದೂ ನಾಲ್ಕನೆಯದನ್ನು ಥರ್ಡ್ ಡಿವಿಷನ್ ಎಂದೂ ಕರೆಯುತ್ತಿದ್ದರು. ಅಕಿನ್‌ಫೆನ್ವಾ ಇಂಗ್ಲೆಂಡಿನಲ್ಲಿ ಕಾಲೂರಿದ್ದು ಸರಿಯಾಗಿ ಈ ಬದಲಾವಣೆಯ ಹೊತ್ತಿನಲ್ಲಿ. ಆದ್ದರಿಂದ 2003–04ರಲ್ಲಿ ಥರ್ಡ್ ಡಿವಿಷನ್ನಿನಲ್ಲಿ ಆಡಿದ ಟಾರ್ಕಿ ಯುನೈಟೆಡ್ 2004–05ರಲ್ಲಿ ಲೀಗ್ ಒನ್‌ನಲ್ಲಿ ಕಾಣಿಸಿಕೊಂಡಾಗ, ತಂಡ ಎರಡು ಹಂತಗಳನ್ನು ಒಮ್ಮೆಗೇ ಹಾರಿದಂತೆ ತೋರುತ್ತದೆ. ವಾಸ್ತವವಾಗಿ ಅದು ನಾಲ್ಕರಿಂದ ಮೂರಕ್ಕೆ, ಒಂದೇ ಹಂತ ಮೇಲೇರಿತ್ತು. ಹಳೆಯ ಅಂಕಿಅಂಶ ಓದುವಾಗ 2004ಕ್ಕೆ ಹಿಂದಿನ ಡಿವಿಷನ್ ಸಂಖ್ಯೆಗೆ ಒಂದನ್ನು ಕೂಡಿಸಿಕೊಳ್ಳಿ; ಅಷ್ಟಾದರೆ 1992ರವರೆಗಿನ ಎಲ್ಲವೂ ಸರಿಹೋಗುತ್ತದೆ.

ಒಪ್ಪಂದಗಳು

ವಾಟ್‌ಫರ್ಡ್ ಕ್ಲಬ್ಬಿನ ಕಿರಿಯರ ತಂಡದಿಂದ ಹೊರಬಂದ ಬಳಿಕ ಅವರು ಹೋದದ್ದು ಲಿಥುವೇನಿಯಾದ ಕ್ಲೈಪೆಡಾ ನಗರದ ಎಫ್‌ಕೆ ಅಟ್ಲಾಂಟಾಸ್ ಕ್ಲಬ್ಬಿಗೆ. 2001ರಲ್ಲಿ ಆ ತಂಡ ದೇಶದ ಕಪ್ ಗೆದ್ದಿತು. ಅಲ್ಲಿ ಜನಾಂಗೀಯ ನಿಂದನೆಯನ್ನು ಎದುರಿಸಿದ್ದನ್ನು ಅವರು ಮುಂದೆ ಹಲವು ಬಾರಿ ಬಹಿರಂಗವಾಗಿ ಹೇಳಿದ್ದಾರೆ. 2003ರಲ್ಲಿ ವೇಲ್ಸ್‌ನ ಬ್ಯಾರಿ ಟೌನ್ ಸೇರಿದರು. ಆ ಕ್ಲಬ್ ಹಣಕಾಸಿನ ಬಿಕ್ಕಟ್ಟಿಗೆ ಸಿಲುಕಿದ ಮೇಲೆ 2003–04ರ ಒಂದೇ ಋತುವಿನಲ್ಲಿ ಬಾಸ್ಟನ್ ಯುನೈಟೆಡ್, ಲೇಟನ್ ಓರಿಯೆಂಟ್, ರಶ್ಡನ್ ಅಂಡ್ ಡೈಮಂಡ್ಸ್, ಡಾನ್‌ಕಾಸ್ಟರ್ ರೋವರ್ಸ್ ಎಂಬ ನಾಲ್ಕು ಕ್ಲಬ್ಬುಗಳನ್ನು ಕಂಡರು. ಇಂಥ ಸಾಲನ್ನು ನೋಡಿ ಆಟಗಾರ ನಿಲ್ಲಲಾರದವನು ಎಂದುಕೊಳ್ಳುವುದು ಸರಿಯಲ್ಲ. ಕೆಳಹಂತದಲ್ಲಿ ತಿಂಗಳೊಪ್ಪತ್ತಿನ ಒಪ್ಪಂದಗಳು ಸಾಮಾನ್ಯ. ಗಾಯಗೊಂಡ ಒಬ್ಬರ ಜಾಗ ತುಂಬಲು ಕರೆದು, ಆತ ಚೇತರಿಸಿಕೊಂಡ ಕೂಡಲೇ ಹೊಸಬನನ್ನು ಬಿಟ್ಟುಬಿಡುವುದು ವಾಡಿಕೆ.

ಟಾರ್ಕಿಯಲ್ಲಿ ಸಿಕ್ಕಿದ ಪೂರ್ಣ ಋತುವಿನಲ್ಲಿ ಅವರು 14 ಲೀಗ್ ಗೋಲು ಹೊಡೆದರೂ ತಂಡ ಕೊನೆಯ ದಿನ ಕೆಳಹಂತಕ್ಕೆ ಇಳಿಯಿತು. ಅದೇ ವರ್ಷ ಮೇಲೇರಿದ್ದ ಸ್ವಾನ್ಸಿ ಸಿಟಿ ಅವರನ್ನು ಸೇರಿಸಿಕೊಂಡಿತು. 2005ರ ಆಗಸ್ಟ್‌ನಲ್ಲಿ ಹೊಸ ಲಿಬರ್ಟಿ ಕ್ರೀಡಾಂಗಣದ ಮೊದಲ ಲೀಗ್ ಪಂದ್ಯದಲ್ಲಿ ಟ್ರ್ಯಾನ್‌ಮಿಯರ್ ವಿರುದ್ಧದ ಏಕೈಕ ಗೋಲು ಅವರದೇ. ಆಮೇಲೆ ಕಾಲಿನ ಮೂಳೆ ಮುರಿಯಿತು. ಮಿಲ್‌ವಾಲ್‌ನಲ್ಲಿ ಅಲ್ಪಾವಧಿಯ ಒಪ್ಪಂದ, ಅಲ್ಲಿಂದ ನಾರ್ಥ್‌ಹ್ಯಾಂಪ್ಟನ್, ಜಿಲಿಂಗಮ್, ಮತ್ತೆ ನಾರ್ಥ್‌ಹ್ಯಾಂಪ್ಟನ್, ಮತ್ತೆ ಜಿಲಿಂಗಮ್. ಇಂಗ್ಲೆಂಡಿನ ಒಪ್ಪಂದಗಳು ಜೂನ್ 30ಕ್ಕೆ ಮುಗಿಯುತ್ತವೆ, ಯಾರನ್ನು ಉಳಿಸಿಕೊಳ್ಳುತ್ತೇವೆ ಎಂಬ ಪಟ್ಟಿಯನ್ನು ಕ್ಲಬ್ಬುಗಳು ಮೇ ತಿಂಗಳ ಸುಮಾರಿಗೆ ಪ್ರಕಟಿಸುತ್ತವೆ ಎಂಬುದು ನೆನಪಿದ್ದರೆ ಈ ಓಡಾಟವೆಲ್ಲ ತಾನಾಗಿ ಅರ್ಥವಾಗುತ್ತದೆ.

ಪ್ಲೇ-ಆಫ್, ಮತ್ತು 34 ಪಂದ್ಯಗಳ ಗಂಟು

ಐಪಿಎಲ್‌ನಲ್ಲಿ ಪ್ಲೇ-ಆಫ್ ಎಂದರೆ ಅಗ್ರಸ್ಥಾನದ ತಂಡವೂ ಆಡಬೇಕಾದ ಘಟ್ಟ. ಇಂಗ್ಲೆಂಡಿನಲ್ಲಿ ಅದು ನೇರ ಬಡ್ತಿ ಕೂದಲೆಳೆಯಲ್ಲಿ ತಪ್ಪಿದವರ ಸ್ಪರ್ಧೆ. ಲೀಗ್ ಒನ್‌ನಲ್ಲಿ ಮೊದಲ ಎರಡು ತಂಡಗಳು ನೇರವಾಗಿ ಮೇಲೇರುತ್ತವೆ, 3ರಿಂದ 6ನೇ ಸ್ಥಾನದವರು ಪ್ಲೇ-ಆಫ್ ಆಡುತ್ತಾರೆ. ಲೀಗ್ ಟೂನಲ್ಲಿ ಮೊದಲ ಮೂವರು ನೇರವಾಗಿ ಹೋಗುತ್ತಾರೆ, 4ರಿಂದ 7ನೇ ಸ್ಥಾನದವರು ಆಡುತ್ತಾರೆ. ಸೆಮಿಫೈನಲ್ ಎರಡು ಪಂದ್ಯಗಳದು, ಫೈನಲ್ ಒಂದೇ; ಅದನ್ನು ಗೆದ್ದ ತಂಡ ಮೇಲೇರುತ್ತದೆ.

ಅಕಿನ್‌ಫೆನ್ವಾ ಇದ್ದ ತಂಡಗಳು ಇಂಥ ಐದು ಫೈನಲ್‌ಗಳನ್ನು ಕಂಡವು. 2006ರಲ್ಲಿ ಸ್ವಾನ್ಸಿ ಕಾರ್ಡಿಫ್‌ನಲ್ಲಿ ಬಾರ್ನ್‌ಸ್ಲಿ ವಿರುದ್ಧ 2–2 ಸಮ ಮಾಡಿಕೊಂಡು ಪೆನಾಲ್ಟಿ ಒದೆತಗಳಲ್ಲಿ ಸೋತಿತು. ಗುರಿ ತಪ್ಪಿದ ಒದೆತಗಳಲ್ಲಿ ಒಂದು ಇವರದು. ಅದಕ್ಕೆ ಎರಡೇ ತಿಂಗಳ ಹಿಂದೆ, ಅದೇ ಕ್ರೀಡಾಂಗಣದಲ್ಲಿ, ಕೆಳಹಂತದ ತಂಡಗಳ ಕಪ್ ಸ್ಪರ್ಧೆಯಾದ ಫುಟ್‌ಬಾಲ್ ಲೀಗ್ ಟ್ರೋಫಿಯ ಫೈನಲ್‌ನಲ್ಲಿ ಕಾರ್ಲೈಲ್ ವಿರುದ್ಧ ಗೆಲುವಿನ ಗೋಲು ಹೊಡೆದವರೂ ಇವರೇ. 2013ರಲ್ಲಿ ನಾರ್ಥ್‌ಹ್ಯಾಂಪ್ಟನ್ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಬ್ರ್ಯಾಡ್‌ಫರ್ಡ್‌ಗೆ 0–3ರಿಂದ ಸೋತಿತು. 2016ರದು ಎಎಫ್‌ಸಿ ವಿಂಬಲ್ಡನ್ ಪರವಾಗಿ. ಹಳೆಯ ವಿಂಬಲ್ಡನ್ ಕ್ಲಬ್ಬನ್ನು ಮಿಲ್ಟನ್ ಕೀನ್ಸ್‌ಗೆ ಸಾಗಿಸಲು ಒಪ್ಪಿಗೆ ಸಿಕ್ಕಿದಾಗ ಅಭಿಮಾನಿಗಳು 2002ರಲ್ಲಿ ತಾವೇ ಕಟ್ಟಿದ ಕ್ಲಬ್ ಇದು. ಏಳನೇ ಸ್ಥಾನದಿಂದ ಫೈನಲ್ ತಲುಪಿ ಪ್ಲಿಮತ್ ಆರ್ಗೈಲ್ ತಂಡವನ್ನು 2–0ರಿಂದ ಸೋಲಿಸಿತು. ಎರಡನೆಯ ಗೋಲು ಕೊನೆಯ ಗಳಿಗೆಯ ಪೆನಾಲ್ಟಿ. ಅದನ್ನು ಒದೆಯಬೇಕಿದ್ದವರು ಬೇರೆಯವರಾದರೂ ಚೆಂಡನ್ನು ಹಿಡಿದು ನಿಂತವರು ಅಕಿನ್‌ಫೆನ್ವಾ. ಅದು ಆ ಕ್ಲಬ್ಬಿಗಾಗಿ ಅವರ ಕೊನೆಯ ಪಂದ್ಯವಾಗಿತ್ತು. ಪಂದ್ಯ ಮುಗಿದ ಕೂಡಲೇ ಟಿವಿ ಕ್ಯಾಮೆರಾದೆದುರು ತಾನೀಗ ನಿರುದ್ಯೋಗಿ, ಯಾವ ಮ್ಯಾನೇಜರಾದರೂ ವಾಟ್ಸಾಪ್ ಮಾಡಬಹುದು ಎಂದು ನಗುತ್ತ ಹೇಳಿದರು. ಒಪ್ಪಂದಗಳ ಬಗ್ಗೆ ಮೇಲೆ ಬರೆದದ್ದೆಲ್ಲ ಆ ಒಂದು ಮಾತಿನಲ್ಲಿದೆ. ಕರೆದವರು ವಿಕಂಬ್ ವಾಂಡರರ್ಸ್‌ನ ಮ್ಯಾನೇಜರ್ ಗ್ಯಾರೆತ್ ಏನ್ಸ್‌ವರ್ತ್. 2018ರಲ್ಲಿ ಆ ತಂಡ ಲೀಗ್ ಟೂನಲ್ಲಿ ಮೂರನೆಯದಾಗಿ ನೇರ ಬಡ್ತಿ ಪಡೆಯಿತು.

ಈಗ 2020. ನನ್ನ ಮಟ್ಟಿಗೆ ಇಡೀ ವೃತ್ತಿಜೀವನದ ಕಗ್ಗಂಟು ಇಲ್ಲಿದೆ. ಕೋವಿಡ್‌ನಿಂದ ಮಾರ್ಚ್‌ನಲ್ಲಿ ಆಟ ನಿಂತಾಗ ವಿಕಂಬ್ ಲೀಗ್ ಒನ್‌ನ ಎಂಟನೇ ಸ್ಥಾನದಲ್ಲಿತ್ತು. ಜೂನ್ 9ರಂದು ಕ್ಲಬ್ಬುಗಳು ಮತ ಹಾಕಿ, ಋತುವನ್ನು ಅಲ್ಲಿಗೇ ಮುಗಿಸಿ, ಪಂದ್ಯವೊಂದಕ್ಕೆ ಸರಾಸರಿ ಎಷ್ಟು ಅಂಕ ಎಂಬ ಲೆಕ್ಕದ ಮೇಲೆ ಸ್ಥಾನ ನಿರ್ಧರಿಸಲು ತೀರ್ಮಾನಿಸಿದವು. ಒಂದು ಪಂದ್ಯವನ್ನೂ ಆಡದೆ ವಿಕಂಬ್ ಎಂಟರಿಂದ ಮೂರಕ್ಕೆ ಏರಿತು. ಐದು ಸ್ಥಾನಗಳ ಈ ಜಿಗಿತ ಹೇಗೆ ಸಾಧ್ಯವಾಯಿತು?

ಮೊದಲು, ಪಂದ್ಯಗಳ ಸಂಖ್ಯೆ ಏಕೆ ಸಮವಿರಲಿಲ್ಲ ಎಂಬುದು. ಹಣಕಾಸಿನ ಭರವಸೆ ಕೊಡಲಾಗದ ಬರಿ (Bury) ಎಂಬ ಕ್ಲಬ್ಬನ್ನು 2019ರ ಆಗಸ್ಟ್‌ನಲ್ಲಿ ಲೀಗಿನಿಂದ ಹೊರಹಾಕಿದ್ದರಿಂದ ಉಳಿದದ್ದು 23 ತಂಡಗಳು. ಬೆಸ ಸಂಖ್ಯೆಯಾದ್ದರಿಂದ ಪ್ರತಿ ಸುತ್ತಿನಲ್ಲೂ ಒಂದು ತಂಡ ಸುಮ್ಮನಿರಬೇಕು. ಹೀಗಾಗಿ, ಮುಂದೂಡಿದ ಪಂದ್ಯಗಳೂ ಸೇರಿ, ಆಟ ನಿಂತ ದಿನ ಕೆಲವರು 34, ಕೆಲವರು 35, ಸಂಡರ್‌ಲೆಂಡ್‌ನಂಥವರು 36 ಪಂದ್ಯ ಆಡಿದ್ದರು. ವಿಕಂಬ್ 34 ಪಂದ್ಯಗಳಿಂದ 59 ಅಂಕ ಗಳಿಸಿತ್ತು. ಆಕ್ಸ್‌ಫರ್ಡ್, ಪೋರ್ಟ್ಸ್‌ಮತ್, ಫ್ಲೀಟ್‌ವುಡ್ ಮೂರೂ 35ರಿಂದ 60. ರಾದರಮ್ 35ರಿಂದ 62. ಪೀಟರ್‌ಬರೋ 35ರಿಂದ 59. ಸಂಡರ್‌ಲೆಂಡ್ 36ರಿಂದ 59. ಅಗ್ರಸ್ಥಾನದ ಕಾವೆಂಟ್ರಿ 34ರಿಂದ 67.

59ನ್ನು 34ರಿಂದ ಭಾಗಿಸಿದರೆ ಸುಮಾರು 1.74, 60ನ್ನು 35ರಿಂದ ಭಾಗಿಸಿದರೆ ಸುಮಾರು 1.71. ಉತ್ತರವೇನೋ ಸಿಕ್ಕಿತು, ಆದರೆ ಕಾರಣ ಕಾಣುವುದಿಲ್ಲ. ಭಾಗಾಕಾರವನ್ನು ಬದಿಗಿಟ್ಟು ಹೀಗೆ ನೋಡುವುದು ನನ್ನ ಮೆಚ್ಚಿನ ದಾರಿ: ಎರಡು ತಂಡಗಳ ನಡುವೆ ಇರುವ ಹೆಚ್ಚುವರಿ ಪಂದ್ಯವನ್ನಷ್ಟೇ ಗಮನಿಸಿ. ಆಕ್ಸ್‌ಫರ್ಡ್ ತಂಡ ವಿಕಂಬ್‌ಗಿಂತ ಒಂದು ಪಂದ್ಯ ಹೆಚ್ಚು ಆಡಿ ಒಂದೇ ಅಂಕ ಹೆಚ್ಚು ಗಳಿಸಿದೆ. ಐವತ್ತರ ಸರಾಸರಿಯ ಬ್ಯಾಟ್ಸ್‌ಮನ್ ಮುಂದಿನ ಇನಿಂಗ್ಸ್‌ನಲ್ಲಿ ಮೂವತ್ತಕ್ಕೆ ಔಟಾದರೆ ಮೊತ್ತ ಏರುತ್ತದೆ, ಸರಾಸರಿ ಇಳಿಯುತ್ತದೆ. ಇಲ್ಲೂ ಆ ಒಂದು ಅಂಕ 1.74ಕ್ಕಿಂತ ಕಡಿಮೆಯಾದ್ದರಿಂದ ಆಕ್ಸ್‌ಫರ್ಡ್ ಕೆಳಗೆ ನಿಲ್ಲಲೇಬೇಕು. ಪೋರ್ಟ್ಸ್‌ಮತ್, ಫ್ಲೀಟ್‌ವುಡ್ ತಂಡಗಳಿಗೂ ಇದೇ ಲೆಕ್ಕ. ಪೀಟರ್‌ಬರೋಗೆ ಹೆಚ್ಚುವರಿ ಪಂದ್ಯದಿಂದ ಸೊನ್ನೆ, ಸಂಡರ್‌ಲೆಂಡ್‌ಗೆ ಎರಡು ಹೆಚ್ಚುವರಿ ಪಂದ್ಯಗಳಿಂದಲೂ ಸೊನ್ನೆ. ರಾದರಮ್‌ಗೆ ಮಾತ್ರ ಒಂದು ಪಂದ್ಯಕ್ಕೆ ಮೂರು ಅಂಕ, ಅದು 1.74ಕ್ಕಿಂತ ಹೆಚ್ಚು, ಹಾಗಾಗಿ ರಾದರಮ್ ಮೇಲೆಯೇ ಉಳಿಯಿತು. ಕಾವೆಂಟ್ರಿ ಮತ್ತು ರಾದರಮ್ ನೇರ ಬಡ್ತಿ ಪಡೆದವು, ವಿಕಂಬ್ ಮೂರನೆಯದಾಯಿತು. ಕ್ಯಾಲ್ಕುಲೇಟರ್ ಬೇಕಾಗಿಯೇ ಇಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋದರೆ ಈ ಪದ್ಧತಿಯ ಗುಟ್ಟು ತಿಳಿಯುತ್ತದೆ. ವಿಕಂಬ್ ತನ್ನ 35ನೇ ಪಂದ್ಯವನ್ನು ನಿಜವಾಗಿಯೂ ಆಡಿದ್ದರೆ ಮೂರು ಸಾಧ್ಯತೆಗಳಿದ್ದವು. ಗೆದ್ದರೆ 62, ರಾದರಮ್‌ಗೆ ಸಮ. ಡ್ರಾ ಆದರೆ 60; ಗೋಲು ಅಂತರದಲ್ಲಿ (ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟವನ್ನು ಕಳೆದ ಲೆಕ್ಕ) ಹಿಂದಿದ್ದುದರಿಂದ ಆಕ್ಸ್‌ಫರ್ಡ್, ಪೋರ್ಟ್ಸ್‌ಮತ್, ಫ್ಲೀಟ್‌ವುಡ್ ಮೂರರ ಕೆಳಗೆ ಆರನೆಯದು. ಸೋತರೆ 59ರಲ್ಲೇ ಉಳಿದು, ಪ್ಲೇ-ಆಫ್‌ನಿಂದಲೇ ಹೊರಗೆ. ಆದರೆ ಸರಾಸರಿಯ ಲೆಕ್ಕ ಆಡದ ಆ ಪಂದ್ಯಕ್ಕೆ ಸುಮಾರು 1.74 ಅಂಕ ಕೊಟ್ಟಂತಾಯಿತು, ಎಂದರೆ ಮೈದಾನದಲ್ಲಿ ಯಾರಿಗೂ ಸಿಗಲಾರದಷ್ಟು, ಡ್ರಾಗಿಂತ ಹೆಚ್ಚು ಮತ್ತು ಗೆಲುವಿಗಿಂತ ಕಡಿಮೆ. ಪೀಟರ್‌ಬರೋ ಆರರಿಂದ ಏಳಕ್ಕೆ ಜಾರಿ ಪ್ಲೇ-ಆಫ್ ಕಳೆದುಕೊಂಡಿತು. ಅವರ ಅಸಮಾಧಾನದಲ್ಲಿ ನ್ಯಾಯವಿತ್ತೆಂದೇ ನನಗನ್ನಿಸುತ್ತದೆ. ಪಟ್ಟಿಯ ತಳದಲ್ಲಿ ಇದೇ ಲೆಕ್ಕ ಇನ್ನೂ ಕಟುವಾಗಿತ್ತು. ಟ್ರ್ಯಾನ್‌ಮಿಯರ್ 34ರಿಂದ 32, ಎಎಫ್‌ಸಿ ವಿಂಬಲ್ಡನ್ 35ರಿಂದ 35. ಕೈಯಲ್ಲಿದ್ದ ಪಂದ್ಯವನ್ನು ಗೆದ್ದಿದ್ದರೆ ಟ್ರ್ಯಾನ್‌ಮಿಯರ್ ಅಂಕದಲ್ಲಿ ಸಮನಾಗುತ್ತಿತ್ತು, ಆದರೆ ಸರಾಸರಿ ಸುಮಾರು 0.94 ಮಾತ್ರ, ಅದು ಇಳಿಯಿತು, ಅಕಿನ್‌ಫೆನ್ವಾ ಅವರ ಹಳೆಯ ಕ್ಲಬ್ ಉಳಿಯಿತು.

ಮೂರನೇ ಸ್ಥಾನದ ವಿಕಂಬ್ ಸೆಮಿಫೈನಲ್‌ನಲ್ಲಿ ಫ್ಲೀಟ್‌ವುಡ್ ತಂಡವನ್ನು ಒಟ್ಟು 6–3ರಿಂದ ಸೋಲಿಸಿ, ಜುಲೈ 13ರಂದು ಪ್ರೇಕ್ಷಕರಿಲ್ಲದ ವೆಂಬ್ಲಿಯಲ್ಲಿ ಆಕ್ಸ್‌ಫರ್ಡ್ ವಿರುದ್ಧ 2–1ರಿಂದ ಗೆದ್ದಿತು. ಜೋ ಜೇಕಬ್‌ಸನ್ ಅವರ ಪೆನಾಲ್ಟಿ ಗೋಲು ಗೆಲುವು ತಂದಿತು. ಕ್ಲಬ್ ತನ್ನ ಇತಿಹಾಸದಲ್ಲೇ ಮೊದಲ ಬಾರಿ ಎರಡನೇ ಹಂತ ತಲುಪಿತು. ಅಕಿನ್‌ಫೆನ್ವಾ ಅವರಿಗೆ ಆಗ 38 ವರ್ಷ. ಈ ಬಾರಿ ತನಗೆ ವಾಟ್ಸಾಪ್ ಮಾಡಬಹುದಾದವರು ಯುರ್ಗನ್ ಕ್ಲೋಪ್ ಒಬ್ಬರೇ ಎಂದು ಅವರು ಹೇಳಿದರು. ಅವರು ಲಿವರ್‌ಪೂಲ್ ಅಭಿಮಾನಿ, ಕ್ಲೋಪ್ ಆಗ ಲಿವರ್‌ಪೂಲ್ ಮ್ಯಾನೇಜರ್. ಕ್ಲೋಪ್ ವಿಡಿಯೊ ಸಂದೇಶ ಕಳಿಸಿಯೇಬಿಟ್ಟರು.

ಮೈದಾನದ ಕೆಲಸ

ಇದು ಚಿಕ್ಕ ಭಾಗ. ಅಕಿನ್‌ಫೆನ್ವಾ ಆಡಿದ್ದು ಟಾರ್ಗೆಟ್ ಮ್ಯಾನ್ ಪಾತ್ರ: ಗೋಲಿಗೆ ಬೆನ್ನು ಹಾಕಿ ನಿಂತು, ಹಿಂದಿನಿಂದ ಬಂದ ಉದ್ದನೆಯ ಚೆಂಡನ್ನು ಎದೆಯಲ್ಲೋ ತಲೆಯಲ್ಲೋ ತಡೆದು, ರಕ್ಷಕನನ್ನು ಮೈಯಿಂದ ದೂರವಿಟ್ಟು, ಓಡಿಬರುವ ಸಂಗಾತಿಗೆ ಒದಗಿಸುವುದು. ಈ ಕೆಲಸ ಗೋಲುಗಳ ಕಾಲಂನಲ್ಲಿ ದಾಖಲಾಗುವುದಿಲ್ಲ. ವೇಗದ ಮೇಲೆ ನಿಂತ ಆಟವಲ್ಲದ್ದರಿಂದ ವಯಸ್ಸು ಅದನ್ನು ಬೇಗ ಕಸಿಯುವುದೂ ಇಲ್ಲ. ನಲವತ್ತರವರೆಗೆ ಆಡಲು ಸಾಧ್ಯವಾದದ್ದಕ್ಕೆ ಇದೂ ಒಂದು ಕಾರಣವೆಂದು ನಾನು ತಿಳಿಯುತ್ತೇನೆ. ದೊಡ್ಡ ತಂಡಗಳ ಎದುರೂ ಇದು ನಡೆಯುತ್ತದೆ: 2015ರ ಜನವರಿ 5ರಂದು ಬೇರೆಬೇರೆ ಹಂತಗಳ ತಂಡಗಳು ಎದುರಾಗುವ ಎಫ್‌ಎ ಕಪ್‌ನ ಮೂರನೇ ಸುತ್ತಿನಲ್ಲಿ ಲಿವರ್‌ಪೂಲ್ ವಿರುದ್ಧ ವಿಂಬಲ್ಡನ್‌ನ ಗೋಲು ಇವರದೇ. ಸ್ಟೀವನ್ ಜೆರಾರ್ಡ್ ಎರಡು ಗೋಲು ಹೊಡೆದು ಲಿವರ್‌ಪೂಲನ್ನು 2–1ರಿಂದ ಗೆಲ್ಲಿಸಿದರು.

ಚಾಂಪಿಯನ್‌ಶಿಪ್ ಮತ್ತು ಕೊನೆಯ ಫೈನಲ್

2020–21ರಲ್ಲಿ ವಿಕಂಬ್ 43 ಅಂಕಗಳೊಂದಿಗೆ 22ನೇ ಸ್ಥಾನದಲ್ಲಿ ಮುಗಿಸಿತು; ಕೊನೆಯ ಮೂರು ತಂಡಗಳು ಇಳಿಯುತ್ತವೆ. ಒಂದೇ ಅಂಕ ಹೆಚ್ಚಿದ್ದ ಡರ್ಬಿ ಕೌಂಟಿ ಕೊನೆಯ ದಿನ ಶೆಫೀಲ್ಡ್ ವೆಡ್ನೆಸ್‌ಡೇ ವಿರುದ್ಧ 3–3 ಡ್ರಾ ಮಾಡಿಕೊಂಡು ಬಚಾವಾಯಿತು. ಅದೇ ಹೊತ್ತಿಗೆ ವಿಕಂಬ್ ಮಿಡ್ಲ್ಸ್‌ಬರೋ ತಂಡವನ್ನು 3–0ರಿಂದ ಸೋಲಿಸಿದ್ದು ಪ್ರಯೋಜನಕ್ಕೆ ಬರಲಿಲ್ಲ. ಡರ್ಬಿಗೆ ಹಣಕಾಸಿನ ಕಾರಣಗಳಿಗಾಗಿ ಒಟ್ಟು 21 ಅಂಕಗಳ ಕಡಿತವಾದದ್ದು ಮರುವರ್ಷ. ಆ ಕಡಿತ ಒಂದು ಋತು ಮೊದಲೇ ಜಾರಿಯಾಗಿದ್ದರೆ ಉಳಿಯುತ್ತಿದ್ದದ್ದು ವಿಕಂಬ್.

2021–22ರಲ್ಲಿ ಮತ್ತೆ ಲೀಗ್ ಒನ್. ಸಂಡರ್‌ಲೆಂಡ್ 84 ಅಂಕಗಳಿಂದ ಐದನೆಯದು, ವಿಕಂಬ್ 83ರಿಂದ ಆರನೆಯದು. ಈ ಬಾರಿ ಇಬ್ಬರೂ 46 ಪಂದ್ಯಗಳನ್ನೂ ಆಡಿದ್ದರು. ಮೇ 21ರಂದು ವೆಂಬ್ಲಿಯಲ್ಲಿ ಸಂಡರ್‌ಲೆಂಡ್ 2–0ರಿಂದ ಗೆದ್ದಿತು. ಅದಾಗಿ ಅಕಿನ್‌ಫೆನ್ವಾ ವೃತ್ತಿಪರ ಪಂದ್ಯ ಆಡಲಿಲ್ಲ.