ನೈಟ್ ಡ್ಯೂಟಿ ನಡುವೆ ವೇಪ್ ಎಳೆದರೆ ತಪ್ಪೇನು?

ಪ್ರಶ್ನೆ: ನಾನು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮೊದಲು ಸಿಗರೇಟು ಸೇದುತ್ತಿದ್ದೆ, ಈಗ ಬರೀ ವೇಪ್ (ಬ್ಯಾಟರಿಯ ಇ-ಸಿಗರೇಟು). ನೈಟ್ ಡ್ಯೂಟಿಯಲ್ಲಿ ತಡೆಯಲು ಆಗದಿದ್ದಾಗ ಸ್ಟಾಫ್ ಟಾಯ್ಲೆಟ್‌ಗೆ ಹೋಗಿ ಎರಡು ದಮ್ಮು ಎಳೆದು ಬರುತ್ತೇನೆ. ಬೆಂಕಿ ಇಲ್ಲ, ಬೂದಿ ಇಲ್ಲ, ವಾಸನೆಯೂ ಬೇಗ ಹೋಗುತ್ತದೆ. ಇದಕ್ಕೂ ಶಿಸ್ತು ಕ್ರಮ ಅಂದರೆ ಜಾಸ್ತಿ ಆಗಲಿಲ್ವಾ?

ಉತ್ತರ: ಜಾಸ್ತಿ ಆಯಿತು ಅಂತ ನನಗೆ ಅನಿಸುವುದಿಲ್ಲ. ಆದರೆ ನಿಮ್ಮ ಕಷ್ಟ ನಿಜವಾದದ್ದು, ಅದನ್ನು ಮೊದಲು ಹೇಳಿಬಿಡುತ್ತೇನೆ. ದೇಹದಲ್ಲಿರುವ ನಿಕೋಟಿನ್ ಅರ್ಧಕ್ಕೆ ಇಳಿಯಲು ಸುಮಾರು 2 ಗಂಟೆ ಸಾಕು. ಶಿಫ್ಟ್ ಇರುವುದು 8 ಗಂಟೆ, ಕೆಲವೊಮ್ಮೆ 12. ನಡುವೆ ಚಡಪಡಿಕೆ, ಸಿಡುಕು, ಗಮನ ಚದುರುವುದು ಎಲ್ಲ ಬಂದೇ ಬರುತ್ತವೆ. ಅದು ನಿಮ್ಮ ಸ್ವಭಾವದ ದೋಷ ಅಲ್ಲ, ಚಟ ಕೆಲಸ ಮಾಡುವ ರೀತಿಯೇ ಹಾಗೆ.

ಈಗ 'ಬೆಂಕಿ ಇಲ್ಲ' ಅನ್ನುವ ಮಾತಿಗೆ ಬರೋಣ. ಜ್ವಾಲೆ ಇಲ್ಲ, ನಿಜ. ಆದರೆ ಒಳಗಿನ ಕಾಯಿಲ್ (ಬಿಸಿಯಾಗುವ ತಂತಿಯ ಸುರುಳಿ) ದ್ರವವನ್ನು ಆವಿ ಮಾಡುವಷ್ಟು ಕಾಯುತ್ತದೆ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೇಲೆ. ಜೊತೆಗೆ ಒಂದು ಲಿಥಿಯಂ ಬ್ಯಾಟರಿ. ನಾವು ಉಸಿರಾಡುವ ಗಾಳಿಯಲ್ಲಿ ಆಕ್ಸಿಜನ್ ಶೇ. 21 ಮಾತ್ರ. ಆಕ್ಸಿಜನ್ ಮಾಸ್ಕ್ ಹಾಕಿರುವ ರೋಗಿಯ ಹತ್ತಿರ ಅದು ಇನ್ನೂ ಜಾಸ್ತಿ ಇರುತ್ತದೆ, ಹಾಸಿಗೆ ಬಟ್ಟೆಯಲ್ಲೂ ಸೇರಿಕೊಂಡಿರುತ್ತದೆ. ಅಂಥ ಕಡೆ ಸಣ್ಣ ಕಿಡಿಯೂ ಕ್ಷಣದಲ್ಲಿ ದೊಡ್ಡ ಬೆಂಕಿಯಾಗುತ್ತದೆ. ನೀವು ಎಳೆಯುವುದು ಟಾಯ್ಲೆಟ್‌ನಲ್ಲೇ ಇರಬಹುದು. ಆದರೆ ಸಾಧನ ನಿಮ್ಮ ಜೇಬಿನಲ್ಲಿ ಕೂತು ಬೆಡ್‌ನಿಂದ ಬೆಡ್‌ಗೆ ತಿರುಗುತ್ತಿರುತ್ತದೆ. ಇನ್ನು ಆವಿಯಿಂದ ಸ್ಮೋಕ್ ಡಿಟೆಕ್ಟರ್ ಕೂಗುವುದೂ ಉಂಟು. ನಡುರಾತ್ರಿ ಅಲಾರಾಂ ಬಡಿದರೆ ವೆಂಟಿಲೇಟರ್‌ನಲ್ಲಿರುವ ರೋಗಿಯನ್ನು ಏನು ಮಾಡುವುದು ಅಂತ ಇಡೀ ಐಸಿಯು ಯೋಚಿಸಬೇಕಾಗುತ್ತದೆ.

ಹೊರಬರುವುದು ಬರೀ ನೀರಿನ ಆವಿ ಅಂತ ತುಂಬಾ ಜನ ನಂಬಿದ್ದಾರೆ. ಅದರಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ಸುವಾಸನೆಯ ರಾಸಾಯನಿಕಗಳ ಸೂಕ್ಷ್ಮ ಹನಿಗಳಿರುತ್ತವೆ. ಸಿಗರೇಟಿನ ಹೊಗೆಗೆ ಹೋಲಿಸಿದರೆ ವಿಷಕಾರಿ ಅಂಶ ಕಡಿಮೆ, ಒಪ್ಪುತ್ತೇನೆ. ಆದರೆ ಆಸ್ಪತ್ರೆಯಲ್ಲಿ ಇರುವವರು ಯಾರು? ಆಸ್ತಮಾ ಇರುವವರು, ಹಸುಗೂಸುಗಳು, ಕೀಮೋ ಆಗಿ ಸಣ್ಣ ವಾಸನೆಗೂ ವಾಂತಿ ಬರುವವರು. ಅವರು ಎದ್ದು ಆಚೆ ಹೋಗುವ ಹಾಗಿಲ್ಲ.

ಯಾರೂ ಗಮನಿಸದ ಇನ್ನೊಂದು ವಿಷಯ ಕೈ. ರೋಗಿಯನ್ನು ಮುಟ್ಟುವ ಮೊದಲು, ಮುಟ್ಟಿದ ಮೇಲೆ, ಅವರ ಸುತ್ತಲಿನ ವಸ್ತು ಮುಟ್ಟಿದ ಮೇಲೆ ಕೈ ಶುಚಿ ಮಾಡಬೇಕು ಅಂತ ಕಲಿತಿದ್ದೀರಿ. ವೇಪ್ ವಾರ್ಡಿನ ಜೇಬಿನಿಂದ ಬಾಯಿಗೆ ಹೋಗಿ ಮತ್ತೆ ಅದೇ ಜೇಬಿಗೆ ಬರುತ್ತದೆ. ಅದನ್ನು ಯಾರು ಒರೆಸುತ್ತಾರೆ? ಅವಸರದಲ್ಲಿ ಎರಡು ದಮ್ಮು ಎಳೆದು ಓಡಿ ಬರುವಾಗ ಕೈ ತೊಳೆಯುವುದೇ ಮೊದಲು ತಪ್ಪಿಹೋಗುವುದು.

ಇಷ್ಟಾದರೂ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಕದ್ದು ಹೋಗುವುದು. ಬ್ರೇಕ್‌ಗೆ ಹೋಗುವಾಗ ಜೊತೆಯವರಿಗೆ 'ಸಿಸ್ಟರ್, ನನ್ನ ಪೇಷೆಂಟ್ ನೋಡ್ಕೊಳ್ಳಿ' ಅಂತ ಹೇಳಿ ಹೋಗುತ್ತೀರಿ ಅಲ್ವಾ? ವೇಪ್‌ಗೆ ಹೋಗುವಾಗ ಹಾಗೆ ಹೇಳಲು ಆಗುವುದಿಲ್ಲ. ಆ ಐದು ನಿಮಿಷ ನಿಮ್ಮ ರೋಗಿಗೆ ಯಾರೂ ಇಲ್ಲ. ಇರಬೇಕಾದವರು ಎಲ್ಲಿದ್ದಾರೆ ಅಂತಲೂ ಯಾರಿಗೂ ಗೊತ್ತಿಲ್ಲ. ಆಗಲೇ ಒಬ್ಬರ ಸ್ಯಾಚುರೇಷನ್ (ರಕ್ತದ ಆಕ್ಸಿಜನ್ ಮಟ್ಟ) ಇಳಿದರೆ? ಆಮೇಲೆ ಚಾರ್ಟ್‌ನಲ್ಲಿ ಸಮಯ ತಿದ್ದಬೇಕು ಅನಿಸುತ್ತದೆ, ಕೇಳಿದವರಿಗೆ ಸುಳ್ಳು ಹೇಳಬೇಕಾಗುತ್ತದೆ. ವೇಪ್ ಎಳೆದದ್ದಕ್ಕೆ ಒಂದು ಎಚ್ಚರಿಕೆ ಪತ್ರ ಬರಬಹುದು. ದಾಖಲೆ ತಿದ್ದಿದರೆ ನರ್ಸ್ ಆಗಿ ಕೆಲಸ ಮಾಡಲು ಬೇಕಾದ ರಿಜಿಸ್ಟ್ರೇಷನ್‌ಗೇ ಕುತ್ತು ಬರಬಹುದು.

ನಿಯಮ ಎಲ್ಲ ಕಡೆ ಒಂದೇ ಅಲ್ಲ. ಸಿಂಗಪುರದಲ್ಲಿ 2018ರಿಂದ ವೇಪ್ ಇಟ್ಟುಕೊಳ್ಳುವುದೇ ಅಪರಾಧ. ಭಾರತದಲ್ಲಿ 2019ರಿಂದ ಮಾರಾಟ ನಿಷೇಧವಿದೆ. ಅದೇ 2019ರಲ್ಲಿ ಬ್ರಿಟನ್ನಿನ ಎರಡು ಆಸ್ಪತ್ರೆಗಳಲ್ಲಿ ವೇಪ್ ಅಂಗಡಿಯೇ ತೆರೆಯಿತು, ಸಿಗರೇಟು ಬಿಡಲು ನೆರವಾಗಲಿ ಅಂತ. ಹಾಗಾಗಿ ನಿಮ್ಮ ಸಂಸ್ಥೆಯ ನಿಯಮ ಓದಿಕೊಳ್ಳಿ. ಹೊರಗೆ ಜಾಗ ಗೊತ್ತುಮಾಡಿದ್ದರೆ, ಬ್ರೇಕ್ ಹೊತ್ತಿನಲ್ಲಿ, ಹೇಳಿ ಹೋಗಿ. ಸಮವಸ್ತ್ರ, ಐಡಿ ಕಾರ್ಡ್ ಮೇಲೆ ಬೇರೆ ಬಟ್ಟೆ ಇರಲಿ.

ಜಾಗ ಇಲ್ಲ, ಬ್ರೇಕ್ ಸಿಗುವ ಭರವಸೆಯೂ ಇಲ್ಲ ಅಂದರೆ ನಿಕೋಟಿನ್ ಪ್ಯಾಚ್ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ. ಶಿಫ್ಟಿಗೆ ಮುಂಚೆ ಅಂಟಿಸಿಕೊಂಡರೆ 16 ಅಥವಾ 24 ಗಂಟೆ ನಿಧಾನವಾಗಿ ನಿಕೋಟಿನ್ ಕೊಡುವ ಬಗೆಗಳಿವೆ. ನಡುವೆ ತೀರಾ ಕಷ್ಟವಾದರೆ 2 ಅಥವಾ 4 ಮಿ.ಗ್ರಾಂ. ಜಗಿಯುವ ನಿಕೋಟಿನ್ ಗಮ್. ವಿಶ್ವ ಆರೋಗ್ಯ ಸಂಸ್ಥೆ ಇವನ್ನು 2009ರಲ್ಲೇ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ರೋಗಿಗಳಿಗೆ ಹೇಳುವ ಔಷಧಿಯನ್ನು ನಾವೇ ತಗೊಳ್ಳಲು ನಾಚಿಕೆ ಯಾಕೆ?

ಹಾಗೆಯೇ ಸಹೋದ್ಯೋಗಿ ಕದ್ದು ವೇಪ್ ಎಳೆಯುವುದು ಕಂಡರೆ ಮೊದಲು ಅವರನ್ನೇ ಪಕ್ಕಕ್ಕೆ ಕರೆದು ಮಾತಾಡಿ. ಮೊಬೈಲ್‌ನಲ್ಲಿ ವಿಡಿಯೊ ಮಾಡಿ ಗ್ರೂಪಿಗೆ ಹಾಕುವುದು ಬೇಡವೇ ಬೇಡ. ಆಕ್ಸಿಜನ್ ಹತ್ತಿರ ಎಳೆಯುತ್ತಿದ್ದರೆ, ರೋಗಿಯನ್ನು ಬಿಟ್ಟು ಹೋಗಿದ್ದರೆ ಅಥವಾ ಗಾಂಜಾ ಅಂಶದ ಕಾರ್ಟ್ರಿಡ್ಜ್ ಅನ್ನುವ ಅನುಮಾನ ಬಂದರೆ ಮಾತ್ರ ಕಾಯಬೇಡಿ, ತಕ್ಷಣ ಇನ್‌ಚಾರ್ಜ್‌ಗೆ ತಿಳಿಸಿ.

ನೀವಂತೂ ಸಿಕ್ಕಿಬೀಳುವ ತನಕ ಕಾಯದೆ ನೀವಾಗಿಯೇ ಇನ್‌ಚಾರ್ಜ್ ಹತ್ತಿರ ಹೋಗಿ. 'ಬಿಡಬೇಕು ಅಂತಿದ್ದೇನೆ, ನೈಟ್‌ನಲ್ಲಿ ಕಷ್ಟವಾಗುತ್ತಿದೆ, ಸರಿಯಾದ ಹೊತ್ತಿಗೆ ಬ್ರೇಕ್ ಕೊಡಿಸಿ' ಅಂತ ಕೇಳಿ.