ಎರ್ಲಡ್ಡು ಬಿಟ್ಟುಹೋದ ಎರೆಹೊಲ

ಗದ್ದೆಯಲ್ಲಿ ನೀರು ನಿಂತರೆ ಬೆಳ್ಳಕ್ಕಿ, ಕೆಂಬರಲು ಬರುತ್ತವೆ. ಅದೇ ನೀರು ನೆಲಗುಬ್ಬಿ, ಬುರ್ಲಿಗಳನ್ನು ಓಡಿಸುತ್ತದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆಯಲ್ಲಿ ಈ ಅದಲುಬದಲಿಗೆ ಹೆಚ್ಚು ಬೆಲೆ ತೆತ್ತದ್ದು ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ದೊಡ್ಡ ನೆಲಹಕ್ಕಿ.

ಎರೆಭೂಮಿಯ ಹಳೆಯ ಬೇಸಾಯ ಹಿಂಗಾರಿನದು. ಮುಂಗಾರಿನಲ್ಲಿ ಹೊಲ ಬಹುಪಾಲು ಖಾಲಿ. ಕಳೆ ತೆಗೆಯಲು, ತೇವ ಹಿಡಿದಿಡಲು ಆಗಾಗ ಕುಂಟೆ ಹೊಡೆದು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಬಿತ್ತುತ್ತಿದ್ದರು. ನಡುನಡುವೆ ಬೀಳು, ಅಗಲ ಬದು, ಹುಲ್ಲುಗಾವಲು. 15 ಕಿಲೋವರೆಗೆ ತೂಗುವ ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಹೆಚ್ಚಾಗಿ ಮಳೆಗಾಲದಲ್ಲಿ, ಬರಿನೆಲದ ಮೇಲೆ, ಸಾಮಾನ್ಯವಾಗಿ ಒಂದೇ ಮೊಟ್ಟೆ. ಸುಮಾರು 4 ವಾರ ಕಾವು. ಅಷ್ಟು ದಿನ ಅಲ್ಲಿ ಕುಂಟೆ, ಕುರಿಹಿಂಡು, ನಾಯಿ ಸುಳಿಯಬಾರದು. ಮಿಡತೆ, ಜೀರುಂಡೆ, ಕಾಳುಕಡಿ ಸಿಗುವುದು ಮಾತ್ರ ಪಕ್ಕದ ಬೆಳೆಯಲ್ಲಿ. ಮೊಟ್ಟೆಗೆ ಬೀಳು, ಹೊಟ್ಟೆಗೆ ಹೊಲ; ಎರಡೂ ಒತ್ತೊತ್ತಿಗೇ ಬೇಕು.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಕಾಲುವೆ ಹರಿದಲ್ಲೆಲ್ಲ ಭತ್ತ ಬಂತು, ನೀರು ಸಾಕಷ್ಟಿದ್ದಲ್ಲಿ ವರ್ಷಕ್ಕೆ ಎರಡು ಬೆಳೆ. ಬೀಳಿಗೆ ಜಾಗವೇ ಉಳಿಯಲಿಲ್ಲ. ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ಔಷಧಿ ಸಿಂಪಡಣೆ ಹೆಚ್ಚಿದಂತೆ ಮಿಡತೆಯೂ ಕಡಿಮೆಯಾಯಿತು. ಚಳಿಗಾಲಕ್ಕೆ ಬಂದು ಮಿಡತೆ ಹಿಡಿದು, ರಾತ್ರಿ ಹುಲ್ಲಿನೊಳಗೆ ನೆಲದ ಮೇಲೇ ಮಲಗುವ ಸೆಳೆವ ಎಂಬ ಬೇಟೆಹಕ್ಕಿಗಳಿಗೂ ಇದೇ ಪೆಟ್ಟು. ಮೇಲಿಂದ ವಿದ್ಯುತ್ ತಂತಿ: ಎರ್ಲಡ್ಡಿಗೆ ನೇರ ಎದುರಿನ ದೃಷ್ಟಿ ಕಡಿಮೆ, ಮೈ ಭಾರ, ತಂತಿ ಕಂಡಾಗ ತಿರುಗಲು ಹೊತ್ತು ಸಿಗುವುದಿಲ್ಲ.

ರಾಣೆಬೆನ್ನೂರಿನ ಕಥೆ ಬೇರೆ, ಮತ್ತು ನಮ್ಮ ಮಟ್ಟಿಗೆ ಹೆಚ್ಚು ಬೇಸರದ್ದು. ಅಲ್ಲಿ ನೀರಾವರಿಯಲ್ಲ, ಮರ. ಕೃಷ್ಣಮೃಗಕ್ಕಾಗಿ 1974ರಲ್ಲಿ ಘೋಷಿಸಿದ 119 ಚದರ ಕಿಲೋಮೀಟರ್ ಅಭಯಾರಣ್ಯದ ಬಹುಭಾಗ ನೀಲಗಿರಿ ತೋಪು. ದೂರದಿಂದಲೇ ಅಪಾಯ ಕಾಣಬೇಕಾದ, ಗಂಡು ಕತ್ತಿನ ಚೀಲ ಉಬ್ಬಿಸಿ ಬಯಲಿನಲ್ಲಿ ಹೆಣ್ಣಿಗೆ ಎದ್ದು ಕಾಣಬೇಕಾದ ಹಕ್ಕಿಗೆ ಸಾಲುಮರ ಗೋಡೆಯಿದ್ದಂತೆ. ಕೃಷ್ಣಮೃಗ ತೋಪಿನಲ್ಲಿ ಮಲಗಿ, ಸುತ್ತಲ ಹೊಲ ಮೇಯ್ದು ಹೆಚ್ಚಿತು. ಎರ್ಲಡ್ಡು ಹೋಯಿತು.

ಇನ್ನೂ ಹೊಲವನ್ನೇ ನಂಬಿದ ಹಕ್ಕಿಗಳಿವೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ತಂಗುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲ ಶೇಂಗಾ, ಕಡಲೆ ಹೊಲಗಳಲ್ಲಿ ಮೇಯುತ್ತವೆ. ಅವಕ್ಕೆ ಮಲಗಲು ಕೆರೆಯಿದೆ. ಹೊಲದಲ್ಲಿ ಮೊಟ್ಟೆಯಿಡುವ ಗೊಡವೆಯಿಲ್ಲ.

ಸಿರುಗುಪ್ಪದಲ್ಲಿ ಈಚೆಗೆ ಕಂಡ ಎರ್ಲಡ್ಡುಗಳು ಬೆರಳೆಣಿಕೆಯಷ್ಟು. ಒಂದು ತುಂಡು ಹುಲ್ಲುಗಾವಲಿಗೆ ಬೇಲಿ ಹಾಕಿದರೆ ಸಾಲದು, ಸುತ್ತ ಮಳೆಯಾಶ್ರಿತ ಜೋಳ–ಕಡಲೆಯೂ ಉಳಿಯಬೇಕು. ಕಾಲುವೆ ನೀರು ಹೊಲದ ಅಂಚಿಗೆ ಬಂದಿರುವಾಗ ಭತ್ತ ಬಿಟ್ಟು ಜೋಳ ಬಿತ್ತೆಂದು ರೈತರಿಗೆ ಹೇಳುವವರು, ಎಕರೆಗೆ ಬೀಳುವ ನಷ್ಟ ತುಂಬಿಕೊಡುವ ಮಾತನ್ನೂ ಜೊತೆಗೇ ಆಡಬೇಕಾಗುತ್ತದೆ.