2 ಗ್ರಾಂ ಹೈಡ್ರೋಜನ್‌ಗೂ 32 ಗ್ರಾಂ ಆಕ್ಸಿಜನ್‌ಗೂ ಒಂದೇ 22.4 ಲೀಟರ್ ಜಾಗ ಹೇಗೆ?

ಪ್ರಶ್ನೆ: ಒಂದು ಮೋಲ್ (6.022 × 10²³ ಅಣು ಅಥವಾ ಪರಮಾಣುಗಳ ಗುಂಪು) ಹೈಡ್ರೋಜನ್ ಅನಿಲ ತೂಗುವುದು 2 ಗ್ರಾಂ, ಒಂದು ಮೋಲ್ ಆಕ್ಸಿಜನ್ 32 ಗ್ರಾಂ. ಆದರೂ ಎರಡೂ 22.4 ಲೀಟರ್ ಜಾಗವನ್ನೇ ಹಿಡಿಯುತ್ತವಂತೆ. ಭಾರದ ಅಣುಗಳಿಗೆ ಹೆಚ್ಚು ಜಾಗ ಬೇಡವೇ? ಕೆಲವು ಪುಸ್ತಕಗಳಲ್ಲಿ 22.7 ಎಂದಿದೆ. ಯಾವುದನ್ನು ನಂಬಬೇಕು?

ಉತ್ತರ: ದ್ರವ, ಘನಗಳ ಮಟ್ಟಿಗೆ ನಿಮ್ಮ ಅನುಮಾನ ಸರಿಯೇ. ಅಲ್ಲಿ ಅಣುಗಳು ಮೈಗೆ ಮೈ ತಾಗಿಸಿಕೊಂಡಿರುತ್ತವೆ, ಹಾಗಾಗಿ ಅಣು ದೊಡ್ಡದಾದಷ್ಟೂ ಗಾತ್ರ ಹೆಚ್ಚುತ್ತದೆ. ಒಂದು ಮೋಲ್ ನೀರು ಸುಮಾರು 18 ಮಿಲಿಲೀಟರ್, ಒಂದು ಮೋಲ್ ಎಥನಾಲ್ ಸುಮಾರು 58 ಮಿಲಿಲೀಟರ್. ಅದೇ 18 ಗ್ರಾಂ ನೀರನ್ನು 100 ಡಿಗ್ರಿಯಲ್ಲಿ ಪೂರ್ತಿ ಆವಿ ಮಾಡಿ ನೋಡಿ: ಸುಮಾರು 30 ಲೀಟರ್! ಅಣುಗಳು ಉಬ್ಬಲಿಲ್ಲ, ಅವುಗಳ ನಡುವಿನ ಖಾಲಿ ಜಾಗ ಹೆಚ್ಚಿತು, ಅಷ್ಟೇ.

ಆ ಖಾಲಿ ಜಾಗ ಎಷ್ಟೆಂದು ನಾವೇ ಲೆಕ್ಕ ಹಾಕಬಹುದು. 22.4 ಲೀಟರನ್ನು ಅವೊಗಾಡ್ರೊ ಸಂಖ್ಯೆಯಿಂದ, ಅಂದರೆ ಒಂದು ಮೋಲ್‌ನಲ್ಲಿರುವ ಅಣುಗಳ ಸಂಖ್ಯೆಯಾದ 6.022 × 10²³ರಿಂದ ಭಾಗಿಸಿ. ಒಂದೊಂದು ಅಣುವಿನ ಪಾಲಿಗೆ ಬರುವುದು ಸುಮಾರು 3.3 ನ್ಯಾನೋಮೀಟರ್ ಬದಿಯ ಒಂದು ಘನಾಕೃತಿ. ಸಣ್ಣ ಅಣುಗಳ ಅಡ್ಡಳತೆಯಾದರೋ 0.3ರಿಂದ 0.4 ನ್ಯಾನೋಮೀಟರ್ ಆಸುಪಾಸು. ತನಗಿಂತ ಸಾವಿರ ಪಟ್ಟು ದೊಡ್ಡ ಕೋಣೆಯಲ್ಲಿ ಒಂಟಿಯಾಗಿರುವವನು ತೆಳ್ಳಗಿದ್ದರೇನು, ದಪ್ಪಗಿದ್ದರೇನು? ಅನಿಲದ ಗಾತ್ರ ಎಂದು ನಾವು ಅಳೆಯುವುದು ಹೆಚ್ಚುಕಡಿಮೆ ಈ ಖಾಲಿ ಜಾಗವನ್ನೇ.

ಅಣು ಚಿಕ್ಕದೋ ದೊಡ್ಡದೋ ಎಂಬುದು ಇಲ್ಲಿಗೆ ಮುಗಿಯಿತು. ಭಾರದ ಅಣು ಗೋಡೆಗೆ ಜೋರಾಗಿ ಬಡಿದು ಹೆಚ್ಚು ಒತ್ತಡ ಹಾಕುವುದಿಲ್ಲವೇ ಎಂಬ ಪ್ರಶ್ನೆ ಉಳಿಯಿತು. ಎರಡು ಅನಿಲಗಳ ತಾಪಮಾನ ಒಂದೇ ಆಗಿದ್ದರೆ ಅವುಗಳ ಅಣುಗಳ ಸರಾಸರಿ ಚಲನಶಕ್ತಿಯೂ ಒಂದೇ. ಆದ್ದರಿಂದ ಹಗುರವಾದದ್ದು ವೇಗವಾಗಿ ಓಡಲೇಬೇಕು. 0 ಡಿಗ್ರಿಯಲ್ಲಿ ಆಕ್ಸಿಜನ್ ಅಣುವಿನ ವೇಗ ಸೆಕೆಂಡಿಗೆ ಸುಮಾರು 460 ಮೀಟರ್, ಹೈಡ್ರೋಜನ್‌ದು ಸುಮಾರು 1,840. ಹೈಡ್ರೋಜನ್ ರಾಶಿಯಲ್ಲಿ ಹದಿನಾರರಲ್ಲಿ ಒಂದು ಪಾಲು, ವೇಗದಲ್ಲಿ ನಾಲ್ಕು ಪಟ್ಟು. ಹಾಗಾಗಿ ಅದರ ಒಂದೊಂದು ಹೊಡೆತದ ಬಲ ಕಾಲು ಭಾಗ, ಆದರೆ ಅದೇ ಹೊತ್ತಿನಲ್ಲಿ ಬೀಳುವ ಹೊಡೆತಗಳು ನಾಲ್ಕು ಪಟ್ಟು. ಗೋಡೆಗೆ ತಗಲುವ ಒಟ್ಟು ಒತ್ತಡ ಸರಿಸಮ. ಸಮ ಗಾತ್ರದ ಅನಿಲಗಳಲ್ಲಿ, ತಾಪಮಾನ ಮತ್ತು ಒತ್ತಡ ಒಂದೇ ಇದ್ದಾಗ, ಅಣುಗಳ ಸಂಖ್ಯೆಯೂ ಒಂದೇ ಎಂದು ಇಟಲಿಯ ವಿಜ್ಞಾನಿ ಅವೊಗಾಡ್ರೊ 1811ರಲ್ಲೇ ಹೇಳಿದ್ದ. ಅವನ ಹೆಸರು ಹೊತ್ತ ಸಂಖ್ಯೆ ಎಷ್ಟೆಂದು ಮಾತ್ರ ಅವನಿಗೇ ಗೊತ್ತಿರಲಿಲ್ಲ.

ಇನ್ನು 22.4, 22.7 ಜಗಳ. ಎರಡೂ ಸರಿ, ಷರತ್ತು ಬೇರೆ. 0 ಡಿಗ್ರಿ ಸೆಲ್ಸಿಯಸ್, 1 ಅಟ್ಮಾಸ್ಫಿಯರ್ ಒತ್ತಡದಲ್ಲಿ 22.414 ಲೀಟರ್. 1982ರಲ್ಲಿ ಐಯುಪಿಎಸಿ (ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ) ಎಸ್‌ಟಿಪಿಯ, ಅಂದರೆ ಪ್ರಮಾಣಿತ ತಾಪಮಾನ-ಒತ್ತಡ ಷರತ್ತಿನ, ಒತ್ತಡವನ್ನು 1 ಬಾರ್‌ಗೆ ಇಳಿಸಿತು. ಒತ್ತಡ ತುಸು ಕಡಿಮೆಯಾದ್ದರಿಂದ ಗಾತ್ರ 22.711ಕ್ಕೆ ಏರಿತು. ಪರೀಕ್ಷೆಯಲ್ಲಿ ಪ್ರಶ್ನೆ ಯಾವ ಒತ್ತಡ ಕೊಟ್ಟಿದೆಯೋ ಅದರ ಅಂಕಿ ಬಳಸಿ.

ನಿಜವಾದ ಎಡವಟ್ಟು ಆಗುವುದು ಪ್ರಯೋಗಾಲಯದಲ್ಲಿ. ಅಲ್ಲಿ 0 ಡಿಗ್ರಿ ಇರುವುದೇ ಇಲ್ಲ, ಆದರೂ ಕೈ 22.4ನ್ನೇ ಬರೆಯುತ್ತದೆ. 0.12 ಗ್ರಾಂ ಮೆಗ್ನೀಸಿಯಂ ಪಟ್ಟಿಯನ್ನು 2 ಮೋಲಾರ್ (ಲೀಟರಿಗೆ 2 ಮೋಲ್) ಹೈಡ್ರೋಕ್ಲೋರಿಕ್ ಆಮ್ಲದ 10 ಮಿಲಿಲೀಟರಿನಲ್ಲಿ ಕರಗಿಸಿ, ಬಂದ ಹೈಡ್ರೋಜನ್ನನ್ನು ನೀರಿನ ಮೇಲೆ ಹಿಡಿದಿರಿ ಎನ್ನಿ. 0.12ನ್ನು ಒಂದು ಮೋಲ್ ಮೆಗ್ನೀಸಿಯಂನ ತೂಕವಾದ 24.3 ಗ್ರಾಂನಿಂದ ಭಾಗಿಸಿದರೆ 0.00494 ಮೋಲ್; ಒಂದು ಮೆಗ್ನೀಸಿಯಂ ಪರಮಾಣುವಿಗೆ ಒಂದು ಹೈಡ್ರೋಜನ್ ಅಣು, ಆದ್ದರಿಂದ ಅನಿಲವೂ ಅಷ್ಟೇ ಮೋಲ್. 22.4ರಿಂದ ಗುಣಿಸಿ 111 ಮಿಲಿಲೀಟರ್ ಬರಬೇಕೆಂದು ಕಾಯುತ್ತೀರಿ. 25 ಡಿಗ್ರಿ, 760 ಮಿಲಿಮೀಟರ್ ಪಾದರಸ (ಅಂದರೆ 1 ಅಟ್ಮಾಸ್ಫಿಯರ್) ಒತ್ತಡದಲ್ಲಿ ಜಾಡಿ ತೋರಿಸುವುದು ಸುಮಾರು 125. ಅದನ್ನು ಮತ್ತೆ 22.4ರಿಂದ ಭಾಗಿಸಿ ಹಿಂದಕ್ಕೆ ಹೋದರೆ, ಹಾಕಿದ್ದು 0.12 ಗ್ರಾಂ ಲೋಹವಾದರೂ ಲೆಕ್ಕದಲ್ಲಿ ಸಿಗುವುದು ಸುಮಾರು 0.136 ಗ್ರಾಂ!

ಹೆಚ್ಚುವರಿ ಎಲ್ಲಿಂದ ಬಂತು? ಬಹುಪಾಲು ತಾಪಮಾನದಿಂದ: 25 ಡಿಗ್ರಿಯಲ್ಲಿ ಒಂದು ಮೋಲ್ 24.47 ಲೀಟರ್ ಆಗುತ್ತದೆ, ಅಂದರೆ 121 ಮಿಲಿಲೀಟರ್. ಉಳಿದದ್ದು ನೀರಾವಿ. 25 ಡಿಗ್ರಿಯಲ್ಲಿ ಅದರ ಒತ್ತಡ 23.8 ಮಿಲಿಮೀಟರ್, ಹಾಗಾಗಿ ಹೈಡ್ರೋಜನ್‌ನ ಪಾಲು 736.2 ಮಾತ್ರ. 121ನ್ನು 760ರಿಂದ ಗುಣಿಸಿ 736.2ರಿಂದ ಭಾಗಿಸಿದರೆ 125 ಸಿಕ್ಕಿತು.

ಓದುವ ಮುನ್ನ ಜಾಡಿಯ ಒಳಗಿನ ಮತ್ತು ಹೊರಗಿನ ನೀರಿನ ಮಟ್ಟ ಸಮ ಮಾಡಿಕೊಳ್ಳಿ. ಒಳಗಿನ ಮಟ್ಟ 10 ಸೆಂಟಿಮೀಟರ್ ಮೇಲಿದ್ದರೆ ಒಳಗಿನ ಒತ್ತಡ 7 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚೇ ಕಡಿಮೆ ಇರುತ್ತದೆ, ಒಂದು ಶೇಕಡಾ ತಪ್ಪು ಅಲ್ಲೇ ಆಯಿತು. ಪಟ್ಟಿಯನ್ನು ತೂಗುವ ಮೊದಲು ಉಪ್ಪು ಕಾಗದದಿಂದ ಉಜ್ಜಿ. ಮೇಲಿನ ಬೂದು ಪದರ ಮೆಗ್ನೀಸಿಯಂ ಆಕ್ಸೈಡ್. ಅದು ತಕ್ಕಡಿಯಲ್ಲಿ ತೂಗುತ್ತದೆ, ಆಮ್ಲದಲ್ಲಿ ಕರಗುತ್ತದೆ, ಹೈಡ್ರೋಜನ್ ಮಾತ್ರ ಕೊಡುವುದಿಲ್ಲ.

ಇಷ್ಟಾದರೂ 22.4 ಎಲ್ಲ ಅನಿಲಕ್ಕೂ ಕರಾರುವಾಕ್ಕಲ್ಲ. 0 ಡಿಗ್ರಿ, 1 ಅಟ್ಮಾಸ್ಫಿಯರಿನಲ್ಲಿ ಅಳೆದು ನೋಡಿದರೆ ಹೈಡ್ರೋಜನ್ 22.43, ಆಕ್ಸಿಜನ್ 22.39, ಕಾರ್ಬನ್ ಡೈಆಕ್ಸೈಡ್ 22.26, ಅಮೋನಿಯಾ 22.1 ಲೀಟರಿನ ಆಸುಪಾಸು. ಅಮೋನಿಯಾ ಅಣುಗಳಿಗೆ ಪರಸ್ಪರ ಸೆಳೆತ ಜಾಸ್ತಿ, ಅದಕ್ಕೇ ಅದು ಎಲ್ಲರಿಗಿಂತ ಕುಗ್ಗಿ ಕೂರುತ್ತದೆ.